ಎಳಿ ಎಲ್ಲಿ ತಪ್ಪೇತಿ

ಆರನೇ ಸಲ ಸ್ಕ್ರೂ ಬಿಚ್ಚಿದ್ದು ನಿನ್ನಿ ಸಂಜಿಕ.
ಗುಳೇದಗುಡ್ಡಕ್ಕ ಆಗಷ್ಟ ಕರೆಂಟು ಬಂದಿತ್ತು,
ಓಣಿ ತುಂಬ ಪಾವರ್‌ಲೂಮು ಖಟಖಟ ಖಟಖಟ.
ನಮ್ಮ ನಡುಮನ್ಯಾಗ, ಮಗ್ಗದ ಕುಣಿ ಮುಚ್ಚಿ
ಹಲಿಗಿ ಹಾಸಿದ ಜಾಗಾದಾಗ
ಹೊಸಾ ಕಂಪ್ಯೂಟರು, ಹೊಟ್ಟಿ ತೆರಕೊಂಡು.

ಬೋರ್ಡು ಹುಬ್ಬಳ್ಳಿದು. ರ್‍ಯಾಮು ಕೊರಿಯರ್‌ನ್ಯಾಗ ಬಂದದ್ದು.
ಡಬ್ಬಿ ಮೌಲಾನ ಅಂಗಡಿದು, ಒಂದ ಮೂಲಿ ನೆಗ್ಗಿದ್ದಕ್ಕ
ನೂರಾ ಐವತ್ತ ಕಡಿಮಿ.
ಕಾರ್ಡು ಮಾತ್ರ ಬೆಳಗಾವಿ ಖಡೇಬಜಾರದ್ದು,
ಸೆಕೆಂಡ್‌ಹ್ಯಾಂಡು, ಎರಡ ಫ್ಯಾನು, ಇಟ್ಟಂಗಿ ತೂಕ.
ಕೊಟ್ಟಾಂವ ಎದಿ ಮುಟಗೊಂಡು ಹೇಳಿದ್ದ:
"ಮದವಿ ವಿಡಿಯೋ ಅಷ್ಟ ಮಾಡೇವ್ರೀ,
ಬ್ಯಾರೆ ದುಡಿಸಿಲ್ಲ."

ಹಚ್ಚಿದ್ರ ಚಲೋನ ಹತ್ತತಿತ್ತು.
ಖಣದ ಡಿಸೈನು ತಗದು
ಸೂಜಿಮಲ್ಲಿಗಿ ದೊಡ್ಡದ ಮಾಡಿದ್ನೋ ಇಲ್ಲೋ,
ಹೂವಿನ ನಡಕ ಗುಲಾಬಿ ಚೌಕ, ಹಸರ ಚೌಕ,
ಯಾರೋ ಪರದೆಕ್ಕ ಚುರಮರಿ ಉಗ್ಗಿದಂಗ.
ಆನಿಹೆಜ್ಜಿ ಇದ್ದಲ್ಲಿ
ಹೆಜ್ಜಿನೂ ಇಲ್ಲ, ಆನಿನೂ ಇಲ್ಲ.

ಕೇಬಲ್ಲು ಬದಲಿ ಮಾಡಿದೆ. ಚೌಕ.
ಡ್ರೈವರು ಬೇರಸಹಿತ ಕಿತ್ತು ಹಳೇದು ಹಾಕಿದೆ. ಚೌಕ.
ರ್‍ಯಾಮು ತಗದು, ಅಂಗಿ ತುದೀಲೆ ಒರಸಿ,
ಊದಿ, ಮನಿದೇವ್ರನ ನೆನಸಿ ಕೂಡಿಸಿದೆ.
ಚೌಕ, ಈ ಸಲ ನೇರಳಿ ಗೀಟಿನ ಜೋಡಿ.
ಬಾಜೂಮನಿ ದಾನವ್ವ ಕಾಕಿಯ ಟಿವಿ ಹೊತ್ತ ತಂದೆ,
ಅಕಿ ಧಾರಾವಾಹಿ ತಪ್ಪಿಸಿ.
ಅದರಾಗೂ ಅವ ಚೌಕ.
ವಿಂಡೋಸು ಕಣ್ಣ ತೆರಿಯೂದಕ್ಕಿಂತ ಮೊದಲ
ಬೋರ್ಡಿನ ಕಂಪನಿ ಹೆಸರು ಮೂಡೂವಾಗ
ನಡುವಿನ ಅಕ್ಷರ ಹರದಿತ್ತು.
ಅಂದ್ರ ಡ್ರೈವರಿಗೆ ಬೈದದ್ದೆಲ್ಲ ದಂಡ.

ಟಿವಿ ಕೇಳಾಕ ಬಂದ ಕಾಕಿ ಹೊಸ್ತಿಲದಾಗ ನಿಂತ್ಲು.
ಮೂವತ್ತೆರಡ ವರ್ಷ ಖಣ ನೇದ ಕಣ್ಣು,
ಈಗ ಒಂದ್ರಾಗ ಪೊರಿ.
"ಈ ತಪ್ಪು ಒಂದ ಜಾಗಾಕ್ಕ ಬೀಳತೈತೇನು,
ಅಡ್ಡಾಡತೈತೇನು?"
"ಅಡ್ಡಾಡತೈತಿ ಕಾಕಿ."
"ಹಂಗಾರ ಹಾಸು ಚಲೋ ಐತಿ ಬಿಡು.
ಹಾಸಿನ ಎಳಿ ಹರದ್ರ
ಗಜಗಟ್ಟಲೆ ಅದ ಗೀಟು ನೆಟ್ಟಗ ಬರತೈತಿ.
ಲಾಳಿ ಓಡೂ ಹಾದಿ ನೋಡು, ಎಲ್ಲೋ ಜೋತೈತಿ."
ಅಷ್ಟಂದು, ಟಿವಿ ಎತ್ತಾಕ ಆಗದ
ರಿಮೋಟಷ್ಟ ತಗೊಂಡ ಹೋದ್ಲು.

ನಾ ನಕ್ಕೆ. ಇದೇನ ಮಗ್ಗೇನು?
ನಕ್ಕೋತನ ಬಗ್ಗಿ ಮೊಬೈಲ್ ಬೆಳಕ ಹಿಡದ್ರ
ಕಾರ್ಡು ಒಂದ ತುದಿಗೆ ಜೋತಿತ್ತು.
ಭಾಳೇನಲ್ಲ. ಒಂದ ಜ್ವಾಳದ ಕಾಳಿನಷ್ಟು.
ಅದರ ಬಂಗಾರದ ಹಲ್ಲು ಸ್ಲಾಟಿನ್ಯಾಗ
ಅರ್ಧ ಕಚ್ಚಿ ಅರ್ಧ ಬಿಟ್ಟಿದ್ವು.

ತೋರಬಟ್ಟಿಲೆ ಮೆಲ್ಲಕ ಎತ್ತಿದೆ.
ಪರದೆ ತಿಳಿಯಾತು,
ಮಲ್ಲಿಗಿ ಎಸಳು ಎಣಿಸೂ ಹಂಗ.
ಬಟ್ಟು ಬಿಟ್ಟೆ. ಚುರಮರಿ.
ಎತ್ತಿದೆ. ಹೂವು.
ಬಿಟ್ಟೆ. ಚುರಮರಿ.
ಹತ್ತ ಸಲನರ ಮಾಡಿರಬೇಕು.
"ಯಾರ ಜೋಡಿ ನಗಾಕತ್ತೀಯೋ ಚಂದ್ರಾಮ?"
ಅವ್ವ ಒಳಗಿಂದ.

ಈಗ ಬಟ್ಟಿನ ಬದ್ಲಿ ಏನ ಇಡೂದು?
ಪೆನ್ನಿನ ಟೊಪ್ಪಿಗಿ ಗಿಡ್ಡಾತು.
ಕಡ್ಡಿಪೆಟಗಿ ಇಡಾಕ ಧೈರ್ಯ ಸಾಲಲಿಲ್ಲ.
ನಾಗಂದಿಗಿ ಮ್ಯಾಲಿನ ಡಬ್ಬ್ಯಾಗ ಅಪ್ಪನ ಕಂಡಿಕಿ ಇದ್ವು,
ಕುಣಿ ಮುಚ್ಚಿದ ದಿನ ಒಗೀಬ್ಯಾಡ ಅಂದಿದ್ದ.
ಮೂರು ಉದ್ದ ಆದ್ವು.
ನಾಕನೇದರ ತುದಿ ಇಲಿ ಕಡದಿತ್ತು,
ಅದ ಬರೊಬ್ಬರಿ ಕೂತ್ತು.

ಅಪ್ಪ ಪಾಳೆ ಮುಗಿಸಿ ಬಂದು
ಕೈಕಾಲ ತೊಳಕೊಂಡು ನೋಡಿದ.
ಏನೂ ಅನ್ನಲಿಲ್ಲ.
ಬಗ್ಗಿ, ಕಂಡಿಕಿ ಒಂದ ಉಗರಿನಷ್ಟು ಒಳಗ ಸರಿಸಿ
ಊಟಕ್ಕ ಎದ್ದ.

ಓಣಿ ಲೂಮೆಲ್ಲ ಒಮ್ಮೆಲೆ ಸುರು ಆದ್ರ
ಈಗೂ ಒಂದ ಗುಲಾಬಿ ಚೌಕ
ಬಲಕ್ಕ, ಕೆಳಗ, ಮಿಂಚಿ ಹೋಗತೈತಿ.
ಅರ್ತಿಂಗೋ, ಓಲ್ಟೇಜೋ,
ಖಡೇಬಜಾರದಾಂವ ಮುಟಗೊಂಡ ಎದಿನೋ.
ನೋಡೂಣು.
ಕಾಕಿಯ ಟಿವಿ ಇನ್ನೂ ನಮ್ಮ ಮನ್ಯಾಗೈತಿ,
ರಿಮೋಟು ಅಕಿ ಉಡ್ಯಾಗ.